ನಿನ್ನ ಅಳತೆಯ ಕಾಗದ

ರೊಹಾಯಾ ಅಕ್ಕಾ,

ಉಪವಾಸ ಮುಗಿದು ರಾಯಾ ಹಬ್ಬ ಬರಲು ಇನ್ನು ಐದೇ ದಿನ. ಇವತ್ತು ನನ್ನ ಮಗಳು ಸುರಾಯಾಳ ಬಾಜು ಕುರುಂಗ್, ಉದ್ದನೆಯ ಅಂಗಿ ಲಂಗ ಎರಡನ್ನೂ, ಹೊಲಿದು ಮುಗಿಸಿದೆ. ಅಮ್ಮ ಹಳೆಯ ದಿನಪತ್ರಿಕೆಯಲ್ಲಿ ಕತ್ತರಿಸಿಟ್ಟ ಅಳತೆ ಕಾಗದಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಗೇ ಇದ್ದವು. ನನ್ನದು ಅವಳಿಗೆ ಚಿಕ್ಕದಾಯಿತು, ಅಮ್ಮನದು ದೊಡ್ಡದಾಯಿತು. ಎಲ್ಲಕ್ಕಿಂತ ಅಡಿಯಲ್ಲಿ ನಿನ್ನದಿತ್ತು. ಮೂಲೆಯಲ್ಲಿದ್ದ ನಿನ್ನ ಹೆಸರನ್ನು ಒಳಗೆ ಮಡಚಿ ಬಟ್ಟೆ ಕತ್ತರಿಸಿದೆ.

ಬಟ್ಟೆ ಹಳದಿ. ಈ ಸಲ ಹಬ್ಬಕ್ಕೆ ಮನೆಮಂದಿಯೆಲ್ಲ ತೊಡುವುದು ಅದೇ ಬಣ್ಣ.

ನೀನು ಕೊನೆಯ ಸಲ ಬಂದ ಆ ವರ್ಷ ಹಸಿರು. ಎಲ್ಲರಿಗೂ ಬಣ್ಣ ತಿಳಿಸುವ ಕೆಲಸವನ್ನು ಅಮ್ಮ ನನಗೆ ಕೊಟ್ಟಿದ್ದಳು. ಮದುವೆಯಾಗಿ ದೂರವಿದ್ದ ನಿನಗೆ ಮಾತ್ರ ನಾನು ಹೇಳಲಿಲ್ಲ. ಅಮ್ಮನಿಗೆ ಯಾವಾಗಲೂ ನಿನ್ನದೇ ಧ್ಯಾನವೆಂಬ ಹೊಟ್ಟೆಕಿಚ್ಚು, ಅಷ್ಟೇ. ನೀನು ಹಳದಿ ತೊಟ್ಟು, ನೀನೇ ಬೇಯಿಸಿದ ಮಾಂಸದ ರೆಂದಾಂಗ್‌ನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತೆ.

"ಅಯ್ಯೋ, ನಿಂಗ್ಯಾರೂ ಹೇಳ್ಲಿಲ್ವೇನೇ?" ಎಂದು ಸೋದರತ್ತೆ ಕೇಳಿದಾಗ ನಾನು ನಕ್ಕೆ.

ಫೋಟೋಗೆ ಎಲ್ಲರೂ ಸಾಲಾಗಿ ನಿಂತಾಗ, "ಕೊಡಿ, ನಾನೇ ತೆಗೀತೀನಿ" ಎಂದು ನೀನು ಕ್ಯಾಮೆರಾ ಇಸಕೊಂಡೆ. ಆಮೇಲೆ ಈ ಮನೆಗೆ ಬರಲಿಲ್ಲ. ನಿನ್ನ ಈಗಿನ ವಿಳಾಸ ಗೊತ್ತಿದ್ದುದು ಅಮ್ಮನೊಬ್ಬಳಿಗೆ. ಅವಳ ಜೊತೆ ಅದೂ ಮಣ್ಣಿಗೆ ಹೋಯಿತು.

ಸುರಾಯಾ ಹೊಸ ಬಟ್ಟೆ ತೊಟ್ಟು ಕನ್ನಡಿಯ ಮುಂದೆ ತಿರುಗಿದಳು. ಭುಜ ನಿನ್ನದೇ, ತೋಳೂ ನಿನ್ನದೇ.

"ಅಮ್ಮಾ, ನಂಗೇ ಅಳತೆ ತಗೊಂಡ ಹಾಗಿದೆ! ಯಾರ್ದು ಆ ಕಾಗದ?"

"ಯಾರ್ದೂ ಅಲ್ಲ ಕಣೇ. ಕೈ ಎತ್ತು, ಕಂಕುಳ ಹತ್ರ ಬಿಗಿಯುತ್ತಾ ನೋಡೋಣ."

ಎಲ್ಲೂ ಬಿಗಿಯಲಿಲ್ಲ.