ಎಡೆಯಲ್ಲಿ ಹುರುಳಿ

ಅತ್ತೆಮ್ಮನವರಿಗೆ,

ನನ್ನ ಮದುವೆಯಾದ ವರ್ಷದ ಮಹಾಲಯ ಅಮಾವಾಸ್ಯೆ ನಿಮಗೆ ನೆನಪಿದೆಯೇ? ಶಾಗ್ಯದ ನಮ್ಮ ಹೊಲದ ನಡುವೆ ಗುಂಡುಕಲ್ಲುಗಳು ಸುತ್ತುಗಟ್ಟಿವೆಯಲ್ಲ, ಅದರೊಳಗೆ ಬಾಳೆಲೆ ಹಾಸಿ ಹಿರಿಯರಿಗೆ ಎಡೆ ಇಟ್ಟಿರಿ. ಮುದ್ದೆ, ಅವರೆಕಾಳಿನ ಸಾರು, ವಡೆ. ನಾನು ಹುರುಳಿಯನ್ನೂ ಬೇಯಿಸಿ ತಂದಿದ್ದೆ. "ಉರುಳಿ ಎತ್ಗೆ ಆಕೋದು ಕಣವ್ವ, ಇರೀಕ್ರಿಗಲ್ಲ! ನಿಮ್ ತವ್ರು ಸತ್ತೇಗಾಲ್ದಲ್ಲಿ ಇದ್ನೇ ಕಲ್ಸಿದ್ದಾ?" ಎಂದು ಎಲ್ಲರೆದುರು ಅಂದಿರಿ. ಹೈಸ್ಕೂಲು ಓದಿದವಳು ನಾನು, ಹುರುಳಿಯ ಪಾತ್ರೆಯನ್ನು ಹಾಗೇ ಮನೆಗೆ ಹೊತ್ತು ತಂದೆ. ಮರೆಯಲಿಲ್ಲ.

ನೀವು ಹಾಸಿಗೆ ಹಿಡಿದಾಗ ಹೇಳಿದಿರಿ, ಕಲ್ಲಿನ ಕೆಳಗಿರುವವರು ನಮ್ಮ ವಂಶದವರು, ಒಂದು ಕಲ್ಲೂ ಅಲುಗಬಾರದು ಎಂದು. ಆ ಮಾತನ್ನು ಹನೂರಿನವರೆಗೂ ತಲೆಯೆತ್ತಿ ಹೇಳಿಕೊಂಡು ಬಂದೆ. ಹಳೆಯ ಸಮಾಧಿಗಳನ್ನು ಅಗೆದು ನೋಡುವ ಓದು ಓದಿದ ಕಾವ್ಯ ಎಂಬ ಹುಡುಗಿ ಹೋದ ವರ್ಷ ಬಂದು ಇಲ್ಲಿ ಅಗೆಯಲೇ ಎಂದು ಕೇಳಿದಾಗ, ನಿಮ್ಮ ಮಾತು ಮೀರಿ ಒಪ್ಪಿದ್ದೂ ಅದಕ್ಕೇ. ನಮ್ಮವರೇ ಎಂದು ಸಾಬೀತಾಗಲಿ ಎಂದು.

ಮೊದಲ ಪರೀಕ್ಷೆಯ ಫಲಿತಾಂಶ ಬಂದ ದಿನ ನೀವಿರಬೇಕಿತ್ತು. ಇದ್ದಿಲಿನಲ್ಲಿ ಉಳಿದ ಒಂದು ಬಗೆಯ ಇಂಗಾಲವನ್ನು ಅಳೆದರೆ ಎಷ್ಟು ಹಳೆಯದೆಂದು ತಿಳಿಯುತ್ತದಂತೆ. "ಅಜ್ಜಿ, ಮೇಲ್ಗಡೆ ಸಿಕ್ಕಿದ ಇದ್ದಿಲು ಮೊನ್ನೆ ಮೊನ್ನೇದು!" ಎಂದು ಕಾವ್ಯ ಮುಖ ಸಪ್ಪಗೆ ಮಾಡಿದಳು. "ಇನ್ನೇನವ್ವ ಮತ್ತೆ? ಅದು ನಮ್ಮತ್ತೆ ಸಾಂಬ್ರಾಣಿ ಕೆಂಡ" ಎಂದೆ. ಇಬ್ಬರೂ ನಕ್ಕೆವು.

ಆಮೇಲೆ ಒಳಗಿನ ಚಪ್ಪಡಿ ಎತ್ತಿದರು. ಮೂಳೆಯ ಪಕ್ಕದಲ್ಲಿ ಕಬ್ಬಿಣದ ಕುಡುಗೋಲು, ಕೆಂಪು ಮಣಿ, ಅರ್ಧ ಕಪ್ಪು ಅರ್ಧ ಕೆಂಪು ಬಣ್ಣದ ಮಡಕೆ. ಮಡಕೆಯ ತಳದಲ್ಲಿ ಸೀದ ಕಾಳು. ಆ ಕಾಳನ್ನೂ ಪರೀಕ್ಷೆಗೆ ಕಳಿಸಿದರು. ಎರಡು ಸಾವಿರ ವರ್ಷಕ್ಕೂ ಹಿಂದಿನದಂತೆ. ಅಂಥ ಮಡಕೆಗಳೂ ಆ ಕಾಲದವೇ ಅಂತೆ. "ನಿಮ್ಮೋರು ಅನ್ನೋಕಾಗಲ್ಲ ಅಜ್ಜಿ. ದನ ಮೇಯಿಸ್ಕಂಡು ಅಲೆಯೋ ಜನ ಇರ್ಬೇಕು. ಸತ್ತೋರನ್ನ ಇಲ್ಲಿ ಮಣ್ಣು ಮಾಡಿ ಮುಂದಕ್ಕೆ ಹೋಗಿದ್ದಾರೆ" ಎಂದಳು ಕಾವ್ಯ.

ಇಷ್ಟು ವರ್ಷ ಯಾರಿಗೆ ಎಡೆ ಇಟ್ಟೆವು ಅತ್ತೆಮ್ಮ? ಊರಿನವರಿಗೆ ಏನೆಂದು ಹೇಳಲಿ? ಅಂದು ಕಲ್ಲಿನ ಮೇಲೆ ಕುಳಿತು ಯೋಚಿಸಿದೆ. ದನ ಹೊಡೆದುಕೊಂಡು ಪಾಲಾರ್ ಹೊಳೆ ದಾಟಿ ಹೋದವರು ವರ್ಷ ವರ್ಷ ಎಡೆ ಇಡಲು ಬರಲಾದೀತೇ? ಅವರು ಇಲ್ಲೇ ಬಿಟ್ಟುಹೋದ ಹಿರಿಯರಿಗೆ ಯಾರಾದರೂ ಒಬ್ಬರು ಇಡಬೇಕಲ್ಲ...

ಎಲ್ಲವನ್ನೂ ಮುಚ್ಚಿ ಕಲ್ಲುಗಳನ್ನು ಇದ್ದ ಹಾಗೇ ಇಡಿಸಿದ್ದೇನೆ. ಕೇಳಿದವರಿಗೆ, ನಮ್ಮವರಲ್ಲ, ನಾವು ನೋಡಿಕೊಂಡವರು ಎನ್ನುತ್ತೇನೆ. ಈ ಅಮಾವಾಸ್ಯೆಗೂ ಎಡೆ ತಪ್ಪುವುದಿಲ್ಲ. ಮುದ್ದೆ, ಸಾರು, ವಡೆ ನಿಮ್ಮ ಕ್ರಮದಂತೆಯೇ.

ಹಾಂ, ಮಡಕೆಯಲ್ಲಿದ್ದ ಕಾಳು ಯಾವುದೆಂದು ಕೇಳಿದೆ. ಹುರುಳಿ, ಅತ್ತೆಮ್ಮ. ಅವರ ಜನ ತಮ್ಮ ಸತ್ತವರಿಗೆ ಇಟ್ಟ ಎಡೆ. ಈ ಸಲ ಎಲೆಯ ತುದಿಗೆ ನಾನೂ ಹುರುಳಿ ಬಡಿಸುತ್ತೇನೆ. ಬೈಯುವುದಿದ್ದರೆ ಅವರನ್ನೇ ಬೈಯಿರಿ. ಈಗ ನೀವೂ ಅವರಿರುವ ಕಡೆಯೇ ಇದ್ದೀರಲ್ಲ.

ನಿಮ್ಮ ಸತ್ತೇಗಾಲದ ಸೊಸೆ