ಬಚ್ಚಲುಮನೆಯ ಬಾಗಿಲು ತೆಗೆಯಬೇಡಿ

ರೀ,

ಬಂದ ತಕ್ಷಣ ಮುಖ ತೊಳೆಯಲು ಬಚ್ಚಲುಮನೆಗೆ ನುಗ್ಗಬೇಡಿ. ಒಳಗೆ ಉಡ ಇದೆ. ಈ ಸುಡುಬಿಸಿಲಿಗೆ ತಂಪು ಹುಡುಕಿಕೊಂಡು ಬಂದು, ಒದ್ದೆ ನೆಲದ ಮೇಲೆ ಹಾಯಾಗಿ ಮಲಗಿದೆ. ಹಿತ್ತಲ ನಲ್ಲಿಯಲ್ಲಿ ತೊಳೆದುಕೊಳ್ಳಿ. ಅಲ್ಲಿರುವ ಚಪ್ಪಲಿ ಕೊಡವಿ ಹಾಕಿಕೊಳ್ಳಿ, ನಿನ್ನೆ ಅದರಲ್ಲಿ ಚೇಳಿತ್ತು.

ನಿಮ್ಮ ಅಪ್ಪ, "ಮೂವತ್ತು ವರ್ಷ ಕಾಡು ಕಾದವನು ನಾನು, ಸರಿಯಮ್ಮ ಆಚೆ" ಅಂತ ಪೊರಕೆ ಹಿಡಿದು ಒಳಗೆ ಹೋದರು. ಅದು ಒಂದೇ ಸಲ ಬುಸ್ಸೆಂದಿತು. ಪೊರಕೆ, ಪಂಚೆ ಎರಡನ್ನೂ ಅಲ್ಲೇ ಬಿಟ್ಟು ಓಡಿ ಬಂದರು. ಅವರ ಉಳಿದ ಪಂಚೆಗಳೂ ಒಗೆಯಲು ಹಾಕಿದ್ದು ಒಳಗೇ ಇವೆ, ನಿಮ್ಮ ಪ್ಯಾಂಟು ಅವರ ಸೊಂಟಕ್ಕೆ ಏರುವುದಿಲ್ಲ. ಪುಟ್ಟಿಯ ಬಾತುಕೋಳಿ ಚಿತ್ರದ ಹೊದಿಕೆ ಸುತ್ತಿಕೊಂಡು ಕೋಣೆಯಲ್ಲಿ ಕೂತಿದ್ದಾರೆ. ದಯವಿಟ್ಟು ನಗಬೇಡಿ. ನಾನು ನಕ್ಕಿದ್ದಕ್ಕೆ ಊಟ ಬಿಟ್ಟಿದ್ದಾರೆ. ನೀವು ಕರೆದರೆ ಬರುತ್ತಾರೆ, ಅನ್ನ ಸಾರು ಒಲೆಯ ಮೇಲಿದೆ.

ಯಾರಿಗೂ ಫೋನು ಹೋಗುತ್ತಿಲ್ಲ. ಪುಟ್ಟಿಯನ್ನು ಕರೆದುಕೊಂಡು, ಉಡ ಹಿಡಿಯುವವರನ್ನು ಕರೆತರಲು ಬಸ್ಸಿನಲ್ಲಿ ಅರಣ್ಯ ಕಚೇರಿಗೆ ಹೊರಟಿದ್ದೇನೆ.

ನಾನು ಬರುವಷ್ಟರಲ್ಲಿ ನಿಮ್ಮ ಅಪ್ಪ "ನೀನಾದ್ರೂ ಹೋಗೋ, ಗಂಡಸಲ್ವಾ" ಅಂತ ಕೆಣಕುತ್ತಾರೆ. ಹೋಗಬೇಡಿ. ನೀವು ಹಲ್ಲಿ ಕಂಡರೇ ಮಂಚ ಹತ್ತುವವರು ಅನ್ನುವುದನ್ನು ಹತ್ತು ವರ್ಷದಿಂದ ಮುಚ್ಚಿಟ್ಟಿದ್ದೇನೆ. "ಅವಳು ಬೇಡ ಅಂದಿದ್ದಾಳೆ" ಅಂತ ನನ್ನ ಮೇಲೆ ಹಾಕಿಬಿಡಿ.