ಗ್ರಹಣ ಬಿಟ್ಟ ಮೇಲೆ ಚೆಲ್ಲಿದ ನೀರು

ರೀ,

ನಿಮ್ಮ ಅಕ್ಕ ನಿರ್ಮಲಮ್ಮ ಇವತ್ತು ಬೆಳಿಗ್ಗೆ ಮಾಡಿದ ಘನಕಾರ್ಯವನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ? ನಾನು ಹಾಲು ತರುವಷ್ಟರಲ್ಲಿ ಹಂಡೆ, ಕೊಡಗಳ ಜೊತೆ ನಿಮ್ಮ ನಾಲ್ಕು ಕಾಲಿನ ಮೀನಿನಂಥ ಆಕ್ಸೊಲಾಟಲ್ ಗುಂಡಣ್ಣನ ಗಾಜಿನ ತೊಟ್ಟಿಯನ್ನೂ ಬರಿದು ಮಾಡಿ, ನಲ್ಲಿ ನೀರು ತುಂಬಿಸಿ, ಮೇಲೆ ಎರಡೆಳೆ ಗರಿಕೆ ತೇಲಿಬಿಟ್ಟಿದ್ದರು.

“ಗ್ರಹಣ ಹಿಡಿದ ನೀರು ಮನ್ಯಾಗ ಇಟ್ಕಬಾರ್ದು ಕಣೇ. ನಿನ್ ಮೀನಿಗೂ ಹೊಸಾ ನೀರು ಬಿಟ್ಟೀನಿ.”

“ಅದು ಮೀನಲ್ಲ ಅಕ್ಕಾ, ಕಪ್ಪೆ ಜಾತೀದು!”

“ಹಂಗಾದ್ರೆ ಕೆರಿಗೆ ಬಿಡು, ಮನ್ಯಾಗ್ಯಾಕೆ?”

ಎಂಬತ್ತರ ಸೂರ್ಯಗ್ರಹಣದ ದಿನ ಸೊರಬದ ಶಾಲೆಯ ಅಂಗಳದಲ್ಲಿ ಮಕ್ಕಳೆದುರು ಗಟಗಟ ನೀರು ಕುಡಿದು ತೋರಿಸಿದ ಮೇಷ್ಟ್ರು ನೀವು. ನಲವತ್ತೈದು ವರ್ಷದ ಮೇಲೆ ಶಿಕಾರಿಪುರದ ನಿಮ್ಮ ಮನೆಯಲ್ಲೇ ಈ ಗತಿ!

ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಗುಂಡಣ್ಣ ಕಿವಿರುಗಳನ್ನು ಮುಂದಕ್ಕೆ ಮಡಚಿಕೊಂಡು ಮೂಲೆಯಲ್ಲಿ ಮುದುಡಿದ್ದ. ನಾನು ಬಚ್ಚಲಿಗೆ ಓಡಿದೆ. ಕ್ಲೋರಿನ್ ಹಾರಿಹೋಗಲೆಂದು ನೀವು ಹಿಂದಿನ ದಿನವೇ ತುಂಬಿಡುತ್ತಿದ್ದ ಮೂರು ಬಕೆಟ್ ಅಲ್ಲಿರಲಿಲ್ಲ. ನಿಮ್ಮ ತಿಥಿ ಮುಗಿದ ಮೇಲೆ, ಓಡಾಡಲು ಅಡ್ಡವೆಂದು ಹೋದ ವಾರ ಅವನ್ನು ಅಟ್ಟಕ್ಕೆ ಹಾಕಿದವಳು ನಾನೇ. ಅಕ್ಕನನ್ನು ಅಷ್ಟೆಲ್ಲ ಬೈದೆ, ಇದೊಂದನ್ನು ಹೇಳಲಿಲ್ಲ.

ಪಕ್ಕದ ಮನೆಯ ಚೌಡಪ್ಪನವರ ಬಾವಿಯಿಂದ ನೀರು ಸೇದಿ ತಂದು ತೊಟ್ಟಿಗೆ ತುಂಬಿದೆ. ಮಧ್ಯಾಹ್ನದವರೆಗೂ ಅವನು ಅಲುಗಲಿಲ್ಲ. ಸಂಜೆ ಒಂದು ಎರೆಹುಳು ತಿಂದ.

ಬಕೆಟ್‌ಗಳನ್ನು ಇಳಿಸಿ, ತುಂಬಿಸಿ, ನೀವು ಇಡುತ್ತಿದ್ದ ಹಾಗೆಯೇ ಬಚ್ಚಲ ಬಾಗಿಲಿಗೆ ಅಡ್ಡ ಇಟ್ಟಿದ್ದೇನೆ. ಆಗಲೇ ಎರಡು ಸಲ ಎಡವಿದೆ. ಮೊದಲಿನಂತೆ ನಿಮ್ಮನ್ನು ಬೈಯಲಿಲ್ಲ.